ಹನ್ನೊಂದನೆಯ ಆಟ

ಇದು ನಡೆದದ್ದು ಮಾಘ ಮಾಸದ ಒಂದು ಬೆಳಿಗ್ಗೆ, ಚಾಂಪಿಯನ್‌ಶಿಪ್ ಪಂದ್ಯ ಮುಗಿದ ಮರುವಾರ.

ನದಿಯ ಮೆಟ್ಟಿಲುಗಳ ಮೇಲಿನ ಮನೆಗೆ ಇಂದುಧರ ಬಂದ. ಅವನ ಕಂಕುಳಲ್ಲಿ ಬೀಟೆ ಮರದ ಚದುರಂಗದ ಹಲಗೆ, ಕೈಯಲ್ಲಿ ಕಾಯಿಗಳ ಚೀಲ ಇತ್ತು. ಅವನು ಹುಡುಗನಾಗಿದ್ದಾಗ ಇದೇ ಮನೆಯಲ್ಲಿ ಗುರುಗಳು ಕೊಟ್ಟ ಹಲಗೆ ಅದು.

ಗುರು ಧರಣೇಂದ್ರಯ್ಯ ಜಗಲಿಯಲ್ಲಿ ಕೂತಿದ್ದರು. ಅವರ ತಂಗಿ ಸುಮತಮ್ಮ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ಗುರುಗಳ ಬಲಗೈ ಮಡಿಲಲ್ಲಿ ನಡುಗುತ್ತಿತ್ತು. ಹೋದ ಸಲ ಬಂದಾಗ ಚಮಚವನ್ನು ಅವರೇ ಹಿಡಿದಿದ್ದರು.

"ಬಂದ್ಯಾ?" ಎಂದರು ಸುಮತಮ್ಮ. "ಸೋತೋರು ತಿಂಡಿ ತಿನ್ನಬಾರದು ಅಂತ ಏನೂ ಇಲ್ಲ. ಕೈಕಾಲು ತೊಳ್ಕೊಂಡು ಕೂತ್ಕೋ."

ಇಂದುಧರ ಕೂರಲಿಲ್ಲ. ಹಲಗೆಯನ್ನು ಗುರುಗಳ ಮುಂದಿಟ್ಟು ಅವರ ಕಾಲಿಗೆ ನಮಸ್ಕರಿಸಿದ.

"ಇದನ್ನ ವಾಪಸ್ ಕೊಡೋಕೆ ಬಂದೆ ಗುರುಗಳೇ. ನಾನಿನ್ನು ಆಡಲ್ಲ."

ಗುರುಗಳು ಬಾಯಲ್ಲಿದ್ದ ಗಂಜಿ ನುಂಗಿದರು.

"ಎಷ್ಟಕ್ಕೆಷ್ಟಾಯಿತು?"

"ಹನ್ನೆರಡು ಆಟ. ಹನ್ನೆರಡೂ ಡ್ರಾ. ಪ್ರತಿ ಡ್ರಾಗೆ ಇಬ್ಬರಿಗೂ ಅರ್ಧರ್ಧ ಅಂಕ. ಆರು, ಆರು. ಸಮ ಆಯಿತು ಅಂತ ಟೈಬ್ರೇಕ್ ಇಟ್ಟರು. ಬೇಗ ಬೇಗ ಆಡಿ ಮುಗಿಸೋ ಆಟ. ಅದರಲ್ಲಿ ಸೋತೆ."

"ಯಾರೆದುರು?"

"ಸದಾನಂದ ಶೇಟ್ ಅವರೆದುರು. ನನ್ನ ಎರಡರಷ್ಟು ವಯಸ್ಸು. ಬೇಗ ಆಡೋ ಆಟದಲ್ಲಿ ಅಷ್ಟು ಹಿರಿಯರ ಹತ್ತಿರ ಸೋತೆಯಲ್ಲೋ ಅಂತ ಎಲ್ಲರೂ ನಗ್ತಿದ್ದಾರೆ."

"ನಗಲಿ. ನಿನ್ನ ಮುಖ ಹೀಗಾಗಿರೋದು ಅದಕ್ಕಲ್ಲ."

ಇಂದುಧರ ಹಲಗೆಯ ಕಡೆ ನೋಡಿದ.

"ಯಾವ ಆಟ ನಿನಗೆ ನಿದ್ದೆ ಕೊಡ್ತಿಲ್ಲ?"

"ಹನ್ನೊಂದನೇದು."

"ಜೋಡಿಸು."

ಇಂದುಧರ ಕೂತ. ಹಲಗೆಯ ಮೇಲೆ ಕೆಲವೇ ಕಾಯಿಗಳನ್ನಿಟ್ಟ. ಎರಡೂ ಕಡೆಗೆ ರಾಜ ಮತ್ತು ಒಂದೊಂದು ಆನೆ. ಅವನದಾದ ಬಿಳಿಯ ಕಡೆಗೆ ಒಂದು ಕಾಲಾಳು ಹೆಚ್ಚು. ಕೊನೆಯ ಸಾಲು ಮುಟ್ಟಿ ಮಂತ್ರಿಯಾಗಲು ಅದಕ್ಕೆ ಇನ್ನು ಮೂರೇ ಮನೆ.

ಸುಮತಮ್ಮ ಬಟ್ಟಲು ಹಿಡಿದುಕೊಂಡೇ ಬಗ್ಗಿ ನೋಡಿದರು.

"ಇದು ಬಿಳಿ ಗೆಲ್ಲೋ ಆಟ ಅಲ್ವೇನೋ? ಸಾರಿಗೆ ಒಗ್ಗರಣೆ ಹಾಕೋ ನನಗೇ ಕಾಣ್ತಿದೆ."

"ಹೌದಮ್ಮ."

"ಇಲ್ಲಿ ಏನು ಆಡಿದೆ?" ಎಂದರು ಗುರುಗಳು.

"ಏನೂ ಆಡಲಿಲ್ಲ. ಕೈ ಚಾಚಿದೆ."

ಆ ಮನೆಯಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಆಟದ ನಡುವೆ ಒಬ್ಬರು ಮಾತಾಡದೆ ಕೈ ಚಾಚಿದರೆ, ಡ್ರಾ ಮಾಡಿಕೊಳ್ಳೋಣವೇ ಎಂದು ಕೇಳಿದಂತೆ. ಇನ್ನೊಬ್ಬರು ಆ ಕೈ ಹಿಡಿದರೆ ಆಟ ಮುಗಿಯಿತು. ಆಮೇಲೆ ಇಬ್ಬರು ರಾಜರನ್ನೂ ಹಲಗೆಯ ನಡುವೆ ತಂದು ನಿಲ್ಲಿಸಬೇಕು. ಬಿಳಿ ಗೆದ್ದಿದ್ದರೆ ಇಬ್ಬರೂ ಬಿಳಿ ಮನೆಗಳಲ್ಲಿ. ಕಪ್ಪು ಗೆದ್ದಿದ್ದರೆ ಕಪ್ಪು ಮನೆಗಳಲ್ಲಿ. ಡ್ರಾ ಆದರೆ ಒಬ್ಬ ಬಿಳಿಯಲ್ಲಿ, ಒಬ್ಬ ಕಪ್ಪಿನಲ್ಲಿ.

"ಯಾಕೆ ಚಾಚಿದೆ?"

"ಅವರು ನೀರು ಕುಡಿಯೋಕೆ ಲೋಟ ಎತ್ತಿದರು. ಕೈ ನಡುಗಿ ನೀರು ಅಂಗಿ ಮೇಲೆ ಚೆಲ್ಲಿತು. ಒರೆಸಿಕೊಳ್ಳಲೂ ಇಲ್ಲ, ಹಲಗೇನೇ ನೋಡ್ತಿದ್ದರು. ಆಗ ನನ್ನ ಕೈ ತಾನಾಗೇ ಹೋಯಿತು."

"ಟೈಬ್ರೇಕಿನಲ್ಲಿ ಅವರ ಕೈ ನಡುಗಲಿಲ್ವಾ?"

"ನಡುಗಿತು."

"ನಡುಗಿದರೂ ಗೆದ್ದರು."

"ಹೌದು."

"ಹಾಗಾದರೆ ಆ ದಿನ ನೀನು ಕೈ ಚಾಚಿದ್ದು ಯಾರಿಗೆ?"

ಇಂದುಧರನ ಕಣ್ಣು ಗುರುಗಳ ಮಡಿಲಿಗೆ ಹೋಗಿ ತಕ್ಷಣ ಬೇರೆ ಕಡೆ ತಿರುಗಿತು.

"ಆರು ವರ್ಷ ಆಯಿತು," ಎಂದರು ಗುರುಗಳು. "ನನ್ನ ಕೈ ಮೊದಲು ನಡುಗಿದ್ದನ್ನ ನೀನು ನೋಡಿದೆ. ಅಲ್ಲಿಂದಾಚೆ ಈ ಜಗಲಿಯಲ್ಲಿ ನೀನು ಒಂದು ಆಟವೂ ಗೆದ್ದಿಲ್ಲ. ಗೆಲ್ಲೋ ಹತ್ತಿರ ಬಂದಾಗೆಲ್ಲ ಕೈ ಚಾಚಿದೆ. ನನಗೆ ಗೊತ್ತಾಗಲಿಲ್ಲ ಅಂದ್ಕೊಂಡ್ಯಾ?"

"ಗೊತ್ತಿದ್ದೂ ಯಾಕೆ ಹಿಡಿದಿರಿ ಗುರುಗಳೇ?"

ಕೆಳಗೆ ನದಿಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಗುರುಗಳು ಆ ಸದ್ದಿನ ಕಡೆ ಮುಖ ತಿರುಗಿಸಿದರು.

"ನಿನ್ನ ಕೈ ಬೆಚ್ಚಗಿರುತ್ತಿತ್ತು," ಎಂದರು.

ಸುಮತಮ್ಮ ಬಟ್ಟಲು ತೆಗೆದುಕೊಂಡು ಎದ್ದರು.

"ಸುಮತಿ, ಗಡಿಯಾರ ತಗೊಂಡು ಬಾ."

"ಬೇಡ ಅಣ್ಣ. ದಣೀಬೇಡಿ ಅಂತ ಡಾಕ್ಟರು ಹೇಳಿದ್ದಾರೆ."

"ಮಾವಿನ ಹಣ್ಣಿನ ಕಾಲ ನೋಡೋದು ಕಷ್ಟ ಅಂತಲೂ ಹೇಳಿದ್ದಾರೆ. ಗಡಿಯಾರ ತಾ."

ಇಂದುಧರ ತಲೆಯೆತ್ತಿ ಸುಮತಮ್ಮನ ಮುಖ ನೋಡಿದ. ಅವರು ಅವನನ್ನು ನೋಡದೆ ಒಳಗೆ ಹೋದರು.

ಅವರು ತಂದದ್ದು ಹಳೆಯ ಚೆಸ್ ಗಡಿಯಾರ. ಒಂದೇ ಪೆಟ್ಟಿಗೆಯಲ್ಲಿ ಎರಡು ಮುಖ. ಒಬ್ಬರು ನಡೆ ಆಡಿ ಗುಂಡಿ ಒತ್ತಿದರೆ ಅವರ ಸಮಯ ನಿಂತು ಇನ್ನೊಬ್ಬರ ಸಮಯ ಓಡುತ್ತದೆ. ಸಮಯ ಮುಗಿಯುತ್ತ ಬಂದಂತೆ ಆ ಮುಖದ ಸಣ್ಣ ಕೆಂಪು ಬಾವುಟ ಮೇಲೇಳುತ್ತದೆ, ಮುಗಿದರೆ ಬೀಳುತ್ತದೆ. ಬಾವುಟ ಬಿದ್ದವರು ಸೋತ ಹಾಗೆ.

"ಇಬ್ಬರಿಗೂ ಐದೈದು ನಿಮಿಷ ಇಡು," ಎಂದರು ಗುರುಗಳು. "ಹನ್ನೊಂದನೇ ಆಟ ಇನ್ನೂ ಮುಗಿದಿಲ್ಲ. ಕಪ್ಪು ನನ್ನದು. ನಾನೇ ಶೇಟ್."

"ನಿಮ್ಮೆದುರು ಗಡಿಯಾರ ಇಟ್ಟುಕೊಂಡು ಆಡಲಾರೆ."

"ಶೇಟ್ ಎದುರು ಆಡಿದೆಯಲ್ಲ."

"ನೀವು ಶೇಟ್ ಅಲ್ಲ."

"ಅದು ಹನ್ನೊಂದನೇ ಆಟದ ದಿನ ನೆನಪಾಗಬೇಕಿತ್ತು."

ಇಂದುಧರ ಕಾಲಾಳನ್ನು ಒಂದು ಮನೆ ಮುಂದಿಟ್ಟು ಗುಂಡಿ ಒತ್ತಿದ.

ಗುರುಗಳ ಕೈ ಮಡಿಲಿನಿಂದ ಎದ್ದಿತು. ಹಲಗೆ ತಲುಪಲು ಅದಕ್ಕೆ ಬಹಳ ಹೊತ್ತು ಹಿಡಿಯಿತು. ಅವರು ಆನೆಯನ್ನು ಎಳೆದು ಬಿಳಿ ಕಾಲಾಳಿನ ಹಿಂದೆ ನಿಲ್ಲಿಸಿದರು.

ಇಂದುಧರ ಒಂದು ನಿಮಿಷ ಯೋಚಿಸಬೇಕಾಯಿತು.

"ಈ ನಡೆ ಶೇಟ್ ಅವರಿಗೆ ಹೊಳೆಯುತ್ತಿರಲಿಲ್ಲ," ಎಂದ.

"ಹೊಳೆಯೋಕೆ ನೀನೆಲ್ಲಿ ಬಿಟ್ಟೆ?"

ಇಂದುಧರನ ರಾಜ ಒಂದು ಮನೆ ಸರಿಯಿತು. ಗುರುಗಳು ಮತ್ತೆ ಕೈ ಎತ್ತಿದರು. ಬೆರಳು ತಾಗಿ ಆನೆ ಉರುಳಿ ಜಗಲಿಯ ಅಂಚಿಗೆ ಹೋಯಿತು.

ಇಂದುಧರ ಗಡಿಯಾರ ನಿಲ್ಲಿಸಿದ. ಆನೆಯನ್ನು ಎತ್ತಿ ಅದರ ಮನೆಯಲ್ಲಿಟ್ಟ.

"ಯಾಕೆ ನಿಲ್ಲಿಸಿದೆ?"

"ಆನೆ ಬಿತ್ತು."

"ಬಿದ್ದದ್ದು ನನ್ನ ಆನೆ. ಹೋಗ್ತಿದ್ದದ್ದು ನನ್ನ ಸಮಯ. ಅದನ್ನ ಉಳಿಸೋಕೆ ನಿನ್ನನ್ನ ಕೇಳಿದೆನಾ?"

"ಇಲ್ಲ."

"ಓಡಿಸು."

ಇಂದುಧರ ಗಡಿಯಾರ ಓಡಿಸಿದ. ಆಮೇಲೆ ಒಂದು ಸಲ ಆನೆ ಹಲಗೆಯ ಮೇಲೇ ಉರುಳಿತು. ಗುರುಗಳು ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದರು. ಇಂದುಧರ ಗಡಿಯಾರದ ಕಡೆ ನೋಡದೆ ಕಾಯ್ದ. ಸುಮತಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದವರು ಒಳಗೆ ಹೋಗಿಬಿಟ್ಟರು.

ಕಾಲಾಳು ಕೊನೆಯ ಸಾಲು ಮುಟ್ಟಿತು. ಇಂದುಧರ ಅದನ್ನು ತೆಗೆದು ಆ ಜಾಗದಲ್ಲಿ ಬಿಳಿ ಮಂತ್ರಿಯನ್ನಿಟ್ಟ.

ಇನ್ನು ಗುಂಡಿ ಒತ್ತಬೇಕು. ಗುರುಗಳ ಕಡೆಯ ಬಾವುಟ ಆಗಲೇ ಮೇಲೆದ್ದಿತ್ತು.

ಇಂದುಧರನ ಕೈ ಗುಂಡಿಯ ಕಡೆ ಹೋಗಲಿಲ್ಲ. ಹಲಗೆಯ ಮೇಲೆ ಗುರುಗಳ ಕಡೆಗೆ ಚಾಚಿಕೊಂಡಿತು.

ಗುರುಗಳು ಆ ಕೈಯನ್ನು ನೋಡಿದರು. ಅವರ ಬಲಗೈ ಮಡಿಲಿನಿಂದ ಸ್ವಲ್ಪ ಎದ್ದಿತು. ಆಮೇಲೆ ಅವರು ಎಡಗೈಯಿಂದ ಅದನ್ನು ಒತ್ತಿ ಹಿಡಿದು ಕೆಳಗಿಟ್ಟರು.

"ನಿನ್ನ ಸಮಯ ಹೋಗ್ತಿದೆ," ಎಂದರು.

ಇಂದುಧರ ಕೈ ಹಿಂದಕ್ಕೆ ತೆಗೆದುಕೊಂಡ. ಗುಂಡಿ ಒತ್ತಿದ. ಅವನ ಕೆನ್ನೆ ಒದ್ದೆಯಾಗಿತ್ತು. ಒರೆಸಿಕೊಳ್ಳಲಿಲ್ಲ.

ಗುರುಗಳು ರಾಜನನ್ನು ಹಿಡಿಯಲು ನೋಡಿದರು. ಬೆರಳುಗಳು ಅದನ್ನು ಮುಟ್ಟಿದವು. ಹಿಡಿಯಲಾಗಲಿಲ್ಲ. ಮತ್ತೆ ಮುಟ್ಟಿದವು.

ಬಾವುಟ ಬಿತ್ತು.

ಸ್ವಲ್ಪ ಹೊತ್ತಿನ ಮೇಲೆ ಗುರುಗಳು ಎರಡೂ ಕೈಗಳಿಂದ ಕಪ್ಪು ರಾಜನನ್ನು ಹಲಗೆಯ ನಡುವಿಗೆ ತಳ್ಳಿದರು. ಬಿಳಿ ಮನೆಯಲ್ಲಿ ನಿಲ್ಲಿಸಿದರು. ಬಿಳಿ ರಾಜನನ್ನೂ ಹಾಗೆಯೇ ತಂದು ಇನ್ನೊಂದು ಬಿಳಿ ಮನೆಯಲ್ಲಿ ನಿಲ್ಲಿಸಿದರು. ಇಂದುಧರ ಸಹಾಯ ಮಾಡಲಿಲ್ಲ.

"ಹಲಗೆ ತಗೊಂಡು ಹೋಗು," ಎಂದರು ಗುರುಗಳು. "ಇಲ್ಲಿ ಇನ್ನು ಆಡೋರು ಯಾರೂ ಇಲ್ಲ."

ಒಳಗಿನಿಂದ ಸುಮತಮ್ಮನ ದನಿ ಕೇಳಿತು.

"ಮುಗೀತಾ ಅಣ್ಣ? ಯಾವತ್ತಿನ ಹಾಗೆ ಅರ್ಧ, ಅರ್ಧಾನಾ?"

"ಇಲ್ಲ ಸುಮತಿ," ಎಂದರು ಗುರುಗಳು. "ಒಂದು, ಸೊನ್ನೆ."