ಹೊಳೆಯಪ್ಪನ ನೂರು ಮಾರು ತಂತಿ

ಮಕ್ಕಳೇ, ಹತ್ತಿರ ಸರಿದು ಕೂತುಕೊಳ್ಳಿ. ಇದು ನಗಿಸುವ ಕತೆ ಅಲ್ಲ. ಹೇಳುವ ನನಗೇ ಅಂಜಿಕೆಯಾಗುತ್ತದೆ, ಇನ್ನು ಕೇಳುವ ನಿಮ್ಮ ಪಾಡೇನೋ!

ಎರಡು ಗುಡ್ಡಗಳ ನಡುವೆ ಕರಿಮಡು ಅಂತ ಒಂದು ಸರೋವರ. ದಡದಲ್ಲಿ ಮೊಣಕಾಲುದ್ದ ನೀರು. ನಾಲ್ಕು ಹೆಜ್ಜೆ ಮುಂದಿಟ್ಟರೆ ಕಾಲಿಗೆ ತಳ ಸಿಗುವುದೇ ಇಲ್ಲ. ಆ ಆಳದಲ್ಲಿ ಒಂದು ಬಾಳೆಮೀನು ಇತ್ತು. ಹೆಸರು ಕೇಳಿ ಬಾಳೆಹಣ್ಣು ನೆನೆಸಿಕೊಂಡು ಬಾಯಿ ಚಪ್ಪರಿಸಬೇಡಿ! ಅದು ಬಿದ್ದ ಮರದಷ್ಟು ಉದ್ದ. ಬಾಯಿ ತೆರೆದರೆ ಬುಟ್ಟಿಯಷ್ಟಗಲ, ಒಳಗೆಲ್ಲ ಗರಗಸದ ಹಾಗೆ ಹಲ್ಲು. ಎಲ್ಲರೂ ಅದನ್ನು ದೊಡ್ಡಬಾಯಿ ಅಂತ ಕರೆಯುತ್ತಿದ್ದರು, ಅದೂ ಪಿಸುಮಾತಿನಲ್ಲಿ.

ಸರೋವರದೊಳಗೆ ಒಂದು ಬಂಡೆ. ಅದರ ಮೇಲೆ ತಿಮ್ಮವ್ವ ಅನ್ನುವ ಬಾತುಕೋಳಿ ಗೂಡು ಮಾಡಿ ಏಳು ಮರಿ ಮಾಡಿದ್ದಳು. ಮರಿಗಳನ್ನು ಮೊದಲ ದಿನ ನೀರಿಗೆ ಇಳಿಸಿದಳು. ಗುಳುಂ ಅಂತ ಒಂದು ಸದ್ದಾಯಿತು. ತಿರುಗಿ ನೋಡಿದರೆ ಆರೇ ಮರಿ. ಮರುದಿನ ಐದು. ನಾಲ್ಕು ದಿನ ಕಳೆಯುವಷ್ಟರಲ್ಲಿ ಉಳಿದದ್ದು ಮೂರೇ ಮೂರು.

ಅಂದಿನಿಂದ ತಿಮ್ಮವ್ವ ಬಂಡೆ ಬಿಟ್ಟು ಕದಲಲಿಲ್ಲ. ಹಾರೋಣ ಅಂದರೆ ಬೇಸಗೆಯಲ್ಲಿ ಅವಳ ರೆಕ್ಕೆಯ ಗರಿಗಳೆಲ್ಲ ಉದುರಿದ್ದವು. ಮರಿಗಳಿಗಂತೂ ರೆಕ್ಕೆಯೇ ಬಂದಿರಲಿಲ್ಲ. ಬಂಡೆ ಕಾದ ಹೆಂಚಾಗಿತ್ತು, ತಿನ್ನಲು ಏನೂ ಇಲ್ಲ. ಆಚೆ ಮೂವತ್ತು ಮಾರು ದೂರದಲ್ಲಿ ಜೊಂಡು ಬೆಳೆದಿತ್ತು. ಅಲ್ಲಿ ನೀರು ಕಡಿಮೆ, ದೊಡ್ಡಬಾಯಿಯ ಹೊಟ್ಟೆ ಅಲ್ಲಿ ತೂರುವುದಿಲ್ಲ. ಅಲ್ಲಿಗೆ ಮುಟ್ಟಿದರೆ ಮರಿಗಳು ಬದುಕಿದ ಹಾಗೆ. ಆದರೆ ಮರಿಗಳ ಕಾಲಿನ ಪಟಪಟ ಸದ್ದು ಕೇಳಿದರೆ ಸಾಕು, ಮಲಗಿದ್ದ ದೊಡ್ಡಬಾಯಿ ಎದ್ದು ಬರುತ್ತಿತ್ತು. ಪಾಪ, ತಿಮ್ಮವ್ವನಿಗೆ ಅತ್ತ ದರಿ, ಇತ್ತ ಪುಲಿ.

ಅವಳ ಅಳು ಕೇಳಲಾರದೆ ಮೂವರು ಬಂಡೆಗೆ ಬಂದರು. ಒಬ್ಬ ನೀರುನಾಯಿ ಹೊಳೆಯಪ್ಪ, ಮೀನು ಹಿಡಿಯುವುದರಲ್ಲಿ ಎತ್ತಿದ ಕೈ. ಇನ್ನೊಬ್ಬ ಗೀಜಗನ ಹಕ್ಕಿ ನುಲಿಯಣ್ಣ, ಗೂಡು ಹೆಣೆದು ಹೆಣೆದು ಪಳಗಿದವನು. ಮೂರನೆಯವನು ವಯಸ್ಸಾದ ಆಮೆಜ್ಜ.

ಹೊಳೆಯಪ್ಪ ಮೀಸೆ ತಿರುವಿದ. "ಅಳಬೇಡ ತಿಮ್ಮಕ್ಕ. ಮರಿಗಳನ್ನ ದಿಮ್ಮಿ ದೋಣಿಗೆ ಹತ್ತಿಸಿದರೆ ದೊಡ್ಡಬಾಯಿ ಒಂದೇ ಏಟಿಗೆ ಮಗುಚಿಹಾಕುತ್ತೆ. ಆದರೆ ಬಿಸಿಲು ಏರಿದ ಮೇಲೆ ಅದು ತಣ್ಣಗೆ ತಳದಲ್ಲಿ ಮಲಗಿರುತ್ತೆ. ಆಮೆಜ್ಜ ದೋಣಿ ಎಳೀಲಿ. ನಾನು ಹಿಂದೆ ನಿಂತು ಗಾಳ ಬಿಡ್ತೀನಿ. ದೋಣಿ ಮೆಲ್ಲಗೆ ಸಾಗ್ತಾ ಇರಬೇಕು, ಗಾಳ ಹಿಂದೆ ಆಳದಲ್ಲಿ ಈಜಿಕೊಂಡು ಬರಬೇಕು. ಕಪ್ಪೆಚಿಪ್ಪಿನ ಚೂರು ಕಟ್ಟಿದರೆ ಮರಿಮೀನಿನ ಹಾಗೆ ಮಿನುಗುತ್ತೆ. ದೊಡ್ಡಬಾಯಿ ಬಿಟ್ಟೀತಾ?"

"ಗಾಳವನ್ನ ಯಾವುದಕ್ಕೆ ಕಟ್ಟಿ ಬಿಡುತ್ತೀ?" ನುಲಿಯಣ್ಣ ಕೇಳಿದ. "ನನ್ನ ಹತ್ತಿರ ಹುರಿ ಇದೆ. ಎಂಟು ಎಳೆ ಸೇರಿಸಿ ಹೆಣೆದದ್ದು."

"ಹೋಗೋ ಮಾರಾಯ! ನಿನ್ನ ಹುರಿ ತರಗೆಲೆಯ ಹಾಗೆ ತೇಲುತ್ತೆ. ದೊಡ್ಡಬಾಯಿಯ ಹಲ್ಲು ತಾಗಿದರೆ ಕಚಕ್! ನನ್ನದು ತಂತಿ. ಭಾರ ಇದೆ, ತಾನೇ ಆಳಕ್ಕೆ ಇಳಿಯುತ್ತೆ. ನೂರು ಮಾರು, ಗೊತ್ತಾ? ಇಡೀ ಕಾಡಲ್ಲಿ ನೂರು ಮಾರು ತಂತಿ ಯಾರ ಹತ್ತಿರ ಇದೆ ಹೇಳು ನೋಡೋಣ."

"ಕಲ್ಲು ಕಟ್ಟಿದರೆ ಹುರಿಯೂ ಇಳಿಯುತ್ತೆ," ಅಂದ ನುಲಿಯಣ್ಣ. "ಮೇಲಾಗಿ ನನ್ನ ಹುರಿ ಸವೆದರೆ ಎಳೆ ಕಿತ್ತು ಮೇಲೆದ್ದು ಕಾಣುತ್ತೆ. ತಂತಿ ಎಲ್ಲಿ ಕೆಟ್ಟಿದೆ ಅಂತ ಯಾರಿಗೆ ಗೊತ್ತಾಗುತ್ತೆ?"

ಆಮೆಜ್ಜ ಕತ್ತು ಚಾಚಿದ. "ಇಬ್ಬರ ಮಾತೂ ನಿಜವೇ. ಹೊಳೆಯಪ್ಪ, ಒಂದು ಕೇಳ್ತೀನಿ. ನಿನ್ನ ತಂತಿಗೆ ಎಲ್ಲಾದರೂ ಸೊಟ್ಟ ಬಿದ್ದಿದೆಯೇನೋ? ಸೊಟ್ಟ ಬಿದ್ದ ತಂತೀನ ಎಷ್ಟೇ ನೆಟ್ಟಗೆ ಮಾಡು, ಜಗ್ಗಿದಾಗ ಅಲ್ಲೇ ಮುರಿಯುತ್ತೆ. ಅಲ್ಲಿಗೆ ಕತ್ತರಿಸಿ ಎಸೀಬೇಕು."

ಮೀಸೆ ತಿರುವುತ್ತಿದ್ದ ಹೊಳೆಯಪ್ಪನ ಕೈ ನಿಂತಿತು.

ಯಾಕೆ ಗೊತ್ತಾ ಮಕ್ಕಳೇ? ಎರಡು ದಿನದ ಹಿಂದೆ ತಂತಿ ಬಿಚ್ಚುವಾಗ ಅವನ ಕೈ ಜಾರಿ, ಸುರುಳಿ ಬಿಗಿದು, ಗಾಳದ ಕಡೆಯಿಂದ ಮೂವತ್ತನೇ ಮಾರಿನಲ್ಲಿ ಸೊಟ್ಟ ಬಿದ್ದಿತ್ತು. ಅದನ್ನು ಹಲ್ಲಲ್ಲಿ ಕಚ್ಚಿ ನೆಟ್ಟಗೆ ಮಾಡಿ, ಗುರುತು ಕಾಣದ ಹಾಗೆ ಕೆಸರು ಮೆತ್ತಿದ್ದ. ಅಲ್ಲಿಗೆ ಕತ್ತರಿಸಿ ಗಾಳ ಮರಳಿ ಕಟ್ಟಿದ್ದರೂ ಎಪ್ಪತ್ತು ಮಾರು ಉಳಿಯುತ್ತಿತ್ತು. ಕರಿಮಡುವಿಗೆ ಅಷ್ಟು ಧಾರಾಳ ಸಾಕು. ಆದರೆ ನೂರು ಮಾರಿನ ಹೊಳೆಯಪ್ಪ ಎಪ್ಪತ್ತು ಮಾರಿನ ಹೊಳೆಯಪ್ಪ ಆದರೆ ನಾಲ್ಕು ಜನ ನಗುವುದಿಲ್ಲವೇ? ಅಯ್ಯೋ ಬುದ್ಧಿಯೇ!

"ನನ್ನ ತಂತಿಗೆ ಸೊಟ್ಟವಾ?" ಅವನು ದೊಡ್ಡದಾಗಿ ನಕ್ಕ. "ನಿನ್ನ ಕಾಲು ಸೊಟ್ಟ ಇರಬಹುದು ಆಮೆಜ್ಜ!"

ತಿಮ್ಮವ್ವ ಮಾತ್ರ ನಗಲಿಲ್ಲ. "ನಿನ್ನ ಮಾತು ನಂಬಬಹುದಾ ಹೊಳೆಯಪ್ಪ? ನನಗೆ ಉಳಿದಿರೋದು ಮೂರೇ."

"ಕಣ್ಣು ಮುಚ್ಚಿ ನಂಬು. ಗಾಳಕ್ಕೆ ಸಿಕ್ಕ ಮೇಲೆ ಅದು ನಿನ್ನ ಕಡೆ ಹೇಗೆ ಬಂದೀತು? ನಾನು 'ಬಿತ್ತು' ಅಂತ ಕೂಗಿದ ಕೂಡಲೇ ಮರಿಗಳನ್ನ ಇಳಿಸಿ ಜೊಂಡಿನ ಕಡೆ ಹೊರಟುಬಿಡು."

ಮರುದಿನ ಬಿಸಿಲು ಏರಿತು. ಟೊಳ್ಳು ಮರದ ದಿಮ್ಮಿಯೇ ದೋಣಿ. ಆಮೆಜ್ಜ ಬಾಯಲ್ಲಿ ಬಳ್ಳಿ ಕಚ್ಚಿ ಎಳೆಯತೊಡಗಿದ. ಮುಂದೆ ನುಲಿಯಣ್ಣ ಕೂತಿದ್ದ, ಹಿಂದೆ ಹೊಳೆಯಪ್ಪ ನಿಂತಿದ್ದ. ಗಾಳಿ ಇರಲಿಲ್ಲ. ಕಪ್ಪೆಗಳು ಕೂಡ ವಟಗುಟ್ಟುವುದನ್ನು ನಿಲ್ಲಿಸಿದ್ದವು. ಬಂಡೆಯ ಅಂಚಿನಲ್ಲಿ ತಿಮ್ಮವ್ವ ಮರಿಗಳನ್ನು ಹೊಟ್ಟೆಯಡಿ ಒತ್ತಿಕೊಂಡು ದೋಣಿಯನ್ನೇ ನೋಡುತ್ತಿದ್ದಳು.

ಹೊಳೆಯಪ್ಪ ತಂತಿ ಬಿಡುತ್ತಾ ಹೋದ. ಹತ್ತು ಮಾರು. ಇಪ್ಪತ್ತು ಮಾರು. ಮೂವತ್ತನೇ ಮಾರು ಅಂಗೈಯಲ್ಲಿ ಜಾರುವಾಗ ಒಂದು ಸಣ್ಣ ತರಿ ತಾಗಿತು. ಈಗಲಾದರೂ ಹೇಳಬಹುದಿತ್ತು ಮಕ್ಕಳೇ, ಈಗಲೂ ಕಾಲ ಮಿಂಚಿರಲಿಲ್ಲ! ಅವನು ಬಾಯಿ ತೆರೆದ. ನುಲಿಯಣ್ಣ ತಿರುಗಿ, "ಏನೋ?" ಅಂದ.

"ಏನಿಲ್ಲ," ಅಂದ ಹೊಳೆಯಪ್ಪ. ತಂತಿ ನೀರಿಗೆ ಇಳಿಯಿತು.

ದೋಣಿ ಒಂದು ಸುತ್ತು ಬಂತು, ಎರಡನೇ ಸುತ್ತು ಹೊರಟಿತು. ಕೆಳಗೆ ನೀರು ಕಪ್ಪಗಿತ್ತು. ಆ ಕಪ್ಪಿನಲ್ಲಿ ಏನೋ ಒಂದು ಹೊರಳಿದ ಹಾಗಾಯಿತು. ತಂತಿ ಸಣ್ಣಗೆ ಗುಂಯ್‌ಗುಟ್ಟಿತು. ಆಮೇಲೆ ಯಾರೋ ಆಳದಿಂದ ಕೈ ಹಾಕಿ ಜಗ್ಗಿದ ಹಾಗೆ ದೋಣಿಯ ಹಿಂಭಾಗ ಧಡಕ್ಕನೆ ತಗ್ಗಿತು.

"ಬಿತ್ತು! ಬಿತ್ತು!" ಹೊಳೆಯಪ್ಪ ಕೂಗಿದ. ಖುಷಿಯಲ್ಲಿ ಅವನಿಗೆ ಸೊಟ್ಟದ ನೆನಪೇ ಹೋಯಿತು.

ತಿಮ್ಮವ್ವ ತಡಮಾಡಲಿಲ್ಲ. ಮೂರು ಮರಿಗಳನ್ನೂ ನೀರಿಗೆ ನೂಕಿ ತಾನೂ ಧುಮುಕಿದಳು. "ಕಾಲು ಬಡೀರಿ ಮಕ್ಕಳೇ, ಹಿಂದೆ ನೋಡಬೇಡಿ!" ಹತ್ತು ಮಾರು ದಾಟಿದರು. ಹದಿನೈದು ಮಾರು ದಾಟಿದರು. ಕೊನೆಯ ಮರಿ ಹಸಿದು ಸೋತಿತ್ತು, ಸ್ವಲ್ಪ ಹಿಂದೆ ಬಿತ್ತು.

ಅಷ್ಟರಲ್ಲಿ ಟಣ್!

ಹೊಳೆಯಪ್ಪ ದೋಣಿಯೊಳಗೆ ಅಂಗಾತ ಬಿದ್ದ. ತಂತಿ ಸಡಿಲವಾಗಿ ಜೋತುಬಿತ್ತು. ಎಲ್ಲಿ ಮುರಿಯಿತು ಅಂತ ಅವನು ನೋಡುವ ಅಗತ್ಯವೇ ಇರಲಿಲ್ಲ.

ಆಮೇಲೆ ನೀರಿನ ಮೇಲೆ ಒಂದು ಉದ್ದನೆ ಗೆರೆ ಎದ್ದಿತು. ಅದು ದೋಣಿಯ ಅಡಿಯಿಂದ ಹಾದು ಬಾಣದ ಹಾಗೆ ಜೊಂಡಿನ ಕಡೆ ಹೊರಟಿತು.

"ತಿಮ್ಮಕ್ಕಾ! ಓಡು! ತಪ್ಪಿಸಿಕೊಂಡಿದೆ!" ಹೊಳೆಯಪ್ಪ ಕಿರುಚುತ್ತಾ ನೀರಿಗೆ ಹಾರಿದ. ಬೈದುಕೊಳ್ಳಿ ಅವನನ್ನು, ನಾನೂ ಬೈಯುತ್ತೇನೆ. ಆದರೆ ಹೇಡಿ ಅನ್ನಬೇಡಿ. ಅವನು ದೊಡ್ಡಬಾಯಿಯ ಮೀಸೆಗೆ ಬಾಯಿ ಹಾಕಿ ಕಚ್ಚಿ ಹಿಡಿದ. ಅದು ಬಾಲ ಬೀಸಿ ಬಡಿದ ಏಟಿಗೆ ಅವನ ಹಿಂಗಾಲು ಮುರಿಯಿತು, ಹಿಡಿತ ತಪ್ಪಿತು.

ತಿಮ್ಮವ್ವ ಎರಡು ಮರಿಗಳನ್ನು ಕೊಕ್ಕಿನಿಂದ ಜೊಂಡಿನೊಳಗೆ ತಳ್ಳಿ, ಮೂರನೆಯದಕ್ಕಾಗಿ ತಿರುಗಿದಳು. ಅದು ಎರಡೇ ಮಾರು ಹಿಂದಿತ್ತು. "ಅವ್ವಾ," ಅಂತ ಕೂಗುತ್ತಿತ್ತು.

ಗುಳುಂ.

ನೀರಿನ ಮೇಲೆ ಬಳೆಯ ಹಾಗೆ ದುಂಡಗೆ ಒಂದು ಅಲೆ ಹರಡಿ ಸುಮ್ಮನಾಯಿತು. ತಿಮ್ಮವ್ವ ಅಲ್ಲೇ ಸುತ್ತಿ ಸುತ್ತಿ ಕೂಗಿದಳು. ಒಳಗಿದ್ದ ಮರಿಗಳು ಅಳತೊಡಗಿದ ಮೇಲೆ ಜೊಂಡಿನೊಳಗೆ ಹೋದಳು.

ಕಾಲು ಮುರಿದ ಹೊಳೆಯಪ್ಪನನ್ನು ದೋಣಿಗೆ ಹತ್ತಿಸಿದ ಮೇಲೆ ಆಮೆಜ್ಜ ತಂತಿಯ ತುದಿ ಎತ್ತಿ ನೋಡಿದ. ಮುರಿದ ತುದಿಗೆ ಹಲ್ಲಿನ ಗುರುತು ಇತ್ತು, ಆ ಗುರುತಿನೊಳಗೆ ಇನ್ನೂ ಕೆಸರು ಅಂಟಿತ್ತು. ಅವನು ಹೊಳೆಯಪ್ಪನ ಮುಖ ನೋಡಿದ. ಹೊಳೆಯಪ್ಪ ತಲೆ ತಗ್ಗಿಸಿದ.

"ನಾಳೆ ಮತ್ತೆ ಹೋಗೋಣ," ಅಂದ ಆಮೆಜ್ಜ. ಬೈದಿದ್ದರೆ ಹೊಳೆಯಪ್ಪನಿಗೆ ಹಗುರವಾಗುತ್ತಿತ್ತು.

ಮರುದಿನ ನುಲಿಯಣ್ಣನ ಹುರಿಗೆ ಕಲ್ಲು ಕಟ್ಟಿದರು. ಗಾಳದ ಬಳಿ ಮಾತ್ರ ಹಲ್ಲಿಗೆ ಸಿಕ್ಕಿ ತುಂಡಾಗದಿರಲಿ ಅಂತ ಒಂದು ಮಾರು ಒಳ್ಳೆಯ ತಂತಿ ಸೇರಿಸಿದರು. ಹೊಳೆಯಪ್ಪ ಕುಂಟುತ್ತಲೇ ಹುರಿಯ ಉದ್ದಕ್ಕೂ ಕೈಯಾಡಿಸಿ, "ಇಲ್ಲಿ ಒಂದು ಎಳೆ ಕಿತ್ತಿದೆ. ಇಲ್ಲಿ ನನ್ನ ಗಂಟು ಸಡಿಲ ಇದೆ, ಮತ್ತೆ ಕಟ್ಟಬೇಕು," ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಯಾರೂ ನಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ದೊಡ್ಡಬಾಯಿ ಸಿಕ್ಕಿಬಿತ್ತು. ಕಾಡೆಮ್ಮೆ, ಹಂದಿ, ಜಿಂಕೆ ಎಲ್ಲ ಸೇರಿ ಹುರಿ ಹಿಡಿದು ಅದನ್ನು ದಡಕ್ಕೆ ಎಳೆದುಹಾಕಿದವು. ಕರಿಮಡುವಿನ ಸುತ್ತ ಕುಣಿತವೋ ಕುಣಿತ.

ಹೊಳೆಯಪ್ಪ ಕುಣಿತಕ್ಕೆ ನಿಲ್ಲದೆ ಜೊಂಡಿನ ಬಳಿಗೆ ಹೋದ.

"ತಿಮ್ಮಕ್ಕ, ದೊಡ್ಡಬಾಯಿ ಸತ್ತಿತು."

"ಒಳ್ಳೇದಾಯ್ತು," ಅಂದಳು ತಿಮ್ಮವ್ವ. ಅವನತ್ತ ತಿರುಗಿ ಕೇಳಿದಳು: "ತಂತಿ ಸೊಟ್ಟ ಬಿದ್ದಿದ್ದು ನಿನಗೆ ಮೊದಲೇ ಗೊತ್ತಿತ್ತಾ ಹೊಳೆಯಪ್ಪ?"

"ಗೊತ್ತಿತ್ತು ತಿಮ್ಮಕ್ಕ. ಎಲ್ಲರೂ ನಗ್ತಾರೆ ಅಂತ..."

"ನಾನು ನಗ್ತಿರಲಿಲ್ಲ ಕಣಪ್ಪ. ಒಂದು ಮಾತು ಅಂದಿದ್ದರೆ ಇನ್ನೊಂದು ದಿನ ಉಪವಾಸ ಬಂಡೆ ಮೇಲೇ ಕೂತಿರ್ತಿದ್ದೆ. ಅಷ್ಟೇ."

ಆಮೇಲೆ ಅವಳು ಮರಿಗಳನ್ನು ಕರೆದಳು. ಎರಡು ಮರಿಗಳು ಬಂದು ಅವಳ ರೆಕ್ಕೆಯಡಿ ಸೇರಿಕೊಂಡವು.

ನೀತಿ: ನಮ್ಮ ಕುಂದನ್ನು ಒಪ್ಪಿಕೊಂಡರೆ ನಮಗೆ ಒಂದು ಗಳಿಗೆಯ ನಾಚಿಕೆ, ಮುಚ್ಚಿಟ್ಟರೆ ನಮ್ಮನ್ನು ನಂಬಿದವರಿಗೆ ತೀರದ ನಷ್ಟ.