ನೀಲವ್ವನ ಬಾಗಿಲಿಗೆ ಹಸಿರು ಸ್ಟಿಕ್ಕರ್

ಮೊದಲು ಆ ಟೀವಿ ಆರಿಸಿ. ಅದು ಮಾತಾಡ್ತಿರುವಾಗ ನಾನು ಕತೆ ಹೇಳುವವಳಲ್ಲ. ಆರಿಸಿದಿರಾ? ಪ್ಲಗ್ಗನ್ನೂ ಕಿತ್ತಿಡಿ. ಆರಿದ ಮೇಲೂ ಅದರ ಮೂಲೆಯಲ್ಲೊಂದು ಕೆಂಪು ಕಣ್ಣು ಉರಿಯುತ್ತಿರುತ್ತೆ, ನನಗೆ ಅದರ ಮೇಲೆ ನಂಬಿಕೆಯಿಲ್ಲ. ಹ್ಞಾಂ, ಈಗ ಹತ್ತಿರ ಬನ್ನಿ.

ಇಂಗ್ಲೆಂಡಿನ ಒಂದು ಊರಿನಲ್ಲಿ ನಮ್ಮ ಹುಬ್ಬಳ್ಳಿ ಕಡೆಯ ನೀಲವ್ವ ಅಂತ ಒಬ್ಬಳಿದ್ದಳು. ಗಂಡ ಅಲ್ಲಿಯ ಕಾರ್ಖಾನೆಯಲ್ಲಿ ದುಡಿದು, ಅಲ್ಲೇ ತೀರಿಕೊಂಡ. ಉಳಿದವನು ಮಗ ಗುರುಪಾದ. ಮೀಸೆ ದಪ್ಪಗಿತ್ತು, ಬುದ್ಧಿ ತೆಳ್ಳಗಿತ್ತು. ಕೆಟ್ಟವನಲ್ಲ, ಪಾಪ! ಹೇಳಿದ ಮಾತು ಮೀರುವವನೂ ಅಲ್ಲ. ಅದೇ ತೊಂದರೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ.

ನೀಲವ್ವನಿಗೆ ಇದ್ದದ್ದು ಒಂದೇ ಚಿಂತೆ. "ನಾ ಕಣ್ಣ ಮುಚ್ಚಿದ ಮ್ಯಾಲ ಈ ಮಬ್ಬಗ ಅನ್ನ ಹಾಕೋರು ಯಾರು?" ಅದಕ್ಕೇ ಮನೆಯಲ್ಲೇ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹೋಳಿಗೆ ಮಾಡಿ ಮಾರಬೇಕು, ಮಗನಿಗೆ ರೊಟ್ಟಿ ಬಡಿಯೋದು ಕಲಿಸಬೇಕು ಅಂತ ಹೊರಟಳು. ಆದರೆ ಆ ದೇಶದ ಪದ್ಧತಿ ಕೇಳಿ. ಕೌನ್ಸಿಲಿನಿಂದ, ಅಂದರೆ ಅಲ್ಲಿಯ ನಗರಸಭೆಯಿಂದ, ಆಫೀಸರು ಬಂದು ಅಡಿಗೆಮನೆ ನೋಡಬೇಕು. ಚೊಕ್ಕಟವಿದ್ದರೆ ದರ್ಜೆ ಬರೆದ ಹಸಿರು ಸ್ಟಿಕ್ಕರ್ ಕೊಡುತ್ತಾರೆ. ಅದನ್ನು ಬಾಗಿಲಿಗೆ ಅಂಟಿಸಬೇಕು. ಸ್ಟಿಕ್ಕರ್ ಇಲ್ಲದ ಬಾಗಿಲಿಗೆ ಗಿರಾಕಿ ಕಾಲಿಡುವುದಿಲ್ಲ. ನೀಲವ್ವ ಅರ್ಜಿ ಹಾಕಿ ಕಾಯುತ್ತಾ ಕೂತಳು. ಕಾಯುವಾಗ ಮಾಡುವುದೇನು? ಟೀವಿ ನೋಡಿದಳು.

ಆ ದೇಶದ ಟೀವಿ ಹೇಗಿರುತ್ತೆ ಗೊತ್ತಾ? ಇನ್ನೂ ಬೀಳದ ಹಿಮದ ಬಗ್ಗೆ ಅರ್ಧ ಗಂಟೆ. ಕಸದ ಗಾಡಿ ಬರಲಿಲ್ಲ ಅಂತ ಬೀದಿಯಲ್ಲಿ ನಿಂತು ಒಬ್ಬ ದೊಡ್ಡ ಮನುಷ್ಯನ ಸಂದರ್ಶನ. ಆಮೇಲೆ ಚೆಂದದ ಕೋಟು ತೊಟ್ಟವಳು ನಗುತ್ತಾ ಕೇಳುತ್ತಾಳೆ: "ನಿಮ್ಮ ಚಹಾ ಕೆಟಲ್ಲೇ ನಿಮ್ಮ ಪ್ರಾಣಕ್ಕೆ ಕುತ್ತೇ? ವಿರಾಮದ ನಂತರ!" ಅಯ್ಯೋ, ವಿರಾಮದೊಳಗೆ ನಾನು ಸತ್ತರೆ? ಹೀಗೆ ನೋಡಿ ನೋಡಿ ನೀಲವ್ವನಿಗೆ ಎಲ್ಲರ ಮೇಲೂ ಅನುಮಾನ. ಪೋಸ್ಟಿನವನು ಯಾಕೆ ನಗುತ್ತಾನೆ? ಎದುರುಮನೆಯವನು ಯಾಕೆ ನಗೋದಿಲ್ಲ?

ಒಂದು ಸಂಜೆ ಸುದ್ದಿ ಬಂತು. ಗ್ಯಾಸಿನವರು, ನಲ್ಲಿಯವರು, ನಿಮ್ಮ ಬಂಧುಗಳು ಅಂತ ಹೇಳಿಕೊಂಡು ಮೋಸಗಾರರು ಮನೆಗೆ ನುಗ್ಗುತ್ತಿದ್ದಾರಂತೆ! ನೀಲವ್ವ ಮಗನನ್ನು ಕರೆದಳು.

"ಕೇಳಿದಿಲ್ಲೋ? ಯಾರ ಬರಲಿ, ಫೋಟೋ ಇದ್ದ ಕಾರ್ಡ್ ನೋಡದ ಬಾಗಲಾ ತಗೀಬ್ಯಾಡ!"

"ಹೂಂ ಅವ್ವಾ!"

ಮರುದಿನ ನೀಲವ್ವ ಕೀಲಿ ಮರೆತು ಸಂತೆಗೆ ಹೋದಳು. ಎರಡೂ ಕೈಯಲ್ಲಿ ಚೀಲ, ಮೇಲೆ ಜಿಟಿಜಿಟಿ ಮಳೆ. ಬಾಗಿಲು ಬಡಿದಳು.

"ಯಾರು?"

"ನಾನಲೇ, ನಿಮ್ಮವ್ವ!"

"ಹಂಗ ಅಂತಾರಂತ. ಟೀವಿಯಾಗ ಹೇಳ್ಯಾರ. ಕಾರ್ಡ್ ತೋರಸ್ರಿ!"

ಅಲ್ಲಿಯ ಬಾಗಿಲುಗಳಲ್ಲಿ ಕಾಗದ ಹಾಕಲು ಒಂದು ಸಂದಿ ಇರುತ್ತೆ. ಅದರೊಳಗೆ ನೀಲವ್ವ ತನ್ನ ಬಸ್ ಪಾಸ್ ತೂರಿಸಿದಳು. ಗುರುಪಾದ ಫೋಟೋ ನೋಡಿದ. ಸಂದಿಯಿಂದ ಹೊರಗೆ ನೋಡಿದ. ಮತ್ತೆ ಫೋಟೋ ನೋಡಿದ.

"ಇದರಾಗಿನಾಕಿ ನಗಾಕತ್ತಾಳ. ನೀವು ಬೈಯ್ಯಾಕತ್ತೀರಿ. ನೀವು ಬ್ಯಾರೇದವ್ರು!"

ಕಡೆಗೆ ಪಕ್ಕದ ಮನೆಯ ಮುದುಕಿ ಡೋರೀನ್, ತನ್ನ ಹತ್ತಿರ ಇಟ್ಟಿದ್ದ ಇನ್ನೊಂದು ಕೀಲಿ ತಂದು ಬಾಗಿಲು ತೆಗೆದಳು. ನೀಲವ್ವನ ಸೀರೆ ಹಿಂಡಿದರೆ ಒಂದು ಬಕೆಟ್ ನೀರು!

"ಹುಚ್ಚಪ್ಯಾಲಿ! ಕಾರ್ಡ್ ಏನ್ ನೋಡ್ತಿ? ಮುಖಾ ನೋಡಬೇಕು! ಗುರುತಿನ ಮುಖಾ ಬಂತಂದ್ರ ಒಳಗ ಕರೀಬೇಕು, ಕೂಡಸಬೇಕು, ಚಾ ಕೊಡಬೇಕು!"

"ಹೂಂ ಅವ್ವಾ! ಇನ್ನ ಮುಂದ ಹಂಗ ಮಾಡ್ತೀನಿ!"

ಆ ರಾತ್ರಿಯ ಸುದ್ದಿಯಲ್ಲಿ ಒಬ್ಬ ಕಳ್ಳನ ಫೋಟೋ ತೋರಿಸಿದರು. ಬೋಳುತಲೆ, ಮುರಿದ ಮೂಗು. ಈ ಮುಖವನ್ನು ಚೆನ್ನಾಗಿ ನೆನಪಿಡಿ ಅಂದರು. ಗುರುಪಾದ ಚೆನ್ನಾಗಿ ನೆನಪಿಟ್ಟ. ಕೆಲವು ದಿನ ಬಿಟ್ಟು, ನೀಲವ್ವ ಮನೆಯಲ್ಲಿಲ್ಲದಾಗ, ಅದೇ ಬೋಳುತಲೆ, ಅದೇ ಮೂಗು ಹಿತ್ತಲ ಬಾಗಿಲು ಅಲ್ಲಾಡಿಸುತ್ತಾ ನಿಂತಿತ್ತು!

"ಓಹೋ, ನೀವಾ! ಬರ್ರಿ, ಬರ್ರಿ! ನಿಮ್ಮ ಮುಖಾ ಗುರುತೈತಿ!"

ಕಳ್ಳ ಗಾಬರಿಯಾದ. ಇವನು ಕೈಹಿಡಿದು ಒಳಗೆ ಕರೆದ. ಕೂರಿಸಿದ. ಚಹಾ ಕೊಟ್ಟ, ಚಕ್ಕುಲಿ ಕೊಟ್ಟ. ಕಳ್ಳ ಚಕ್ಕುಲಿ ಮುಗಿಸಿ ನೀಲವ್ವನ ಹೊಸ ಮಿಕ್ಸರ್ ಎತ್ತಿಕೊಂಡ, ಕುಕ್ಕರ್ ಎತ್ತಿಕೊಂಡ. ಕೈ ಸಾಲಲಿಲ್ಲ. ಗುರುಪಾದ ಅಂದ:

"ಭಾರ ಅದಾವ್ರಿ. ಕುಕ್ಕರ್ ನಾ ಹಿಡೀತೀನಿ, ನಡೀರಿ!"

ಕಾರಿನ ತನಕ ಹೊತ್ತು, ಟಾಟಾ ಮಾಡಿ ಬಂದ.

"ಅಯ್ಯಯ್ಯೋ!" ಮನೆಗೆ ಬಂದು ಕೇಳಿದ ನೀಲವ್ವ ಎದೆ ಬಡಕೊಂಡಳು. "ಟೀವಿಯಾಗ ತೋರಸಿದ ಮುಖಾ ಕಂಡ್ರ ಚಾ ಕೊಡ್ತಾರೇನಲೇ? ಪೊಲೀಸರಿಗೆ ಫೋನ್ ಹಚ್ಚಬೇಕು! ಅವರು ಬರೋತನಕ ದಾರಿಗೆ ಅಡ್ಡ ನಿಂದರಬೇಕು!"

"ಹೂಂ ಅವ್ವಾ! ಇನ್ನ ಮುಂದ ಹಂಗ ಮಾಡ್ತೀನಿ!"

ಮಾಡಿದ! ಸೂಪರ್ ಮಾರ್ಕೆಟ್ಟಿಗೆ ಉಳ್ಳಾಗಡ್ಡಿ ತರಲು ಹೋದವನು ಅಲ್ಲಿ ಒಬ್ಬ ಹೆಂಗಸನ್ನು ಕಂಡ. ದಿನಾ ಸಂಜೆ ಟೀವಿಯಲ್ಲಿ ನಕ್ಷೆಯ ಮುಂದೆ ನಿಂತು, ನಾಳೆ ಮಳೆಯೋ ಬಿಸಿಲೋ ಅಂತ ಕೈಬೀಸಿ ಹೇಳುತ್ತಾಳಲ್ಲ, ಆಕೆ. ಬುಟ್ಟಿಯಲ್ಲಿ ಹಾಲು, ಬ್ರೆಡ್ಡು. ಗುರುಪಾದ ಪೊಲೀಸರಿಗೆ ಫೋನ್ ಹಚ್ಚಿದ, ದಾರಿಗೆ ಅಡ್ಡ ನಿಂತು ಎರಡೂ ಕೈ ಅಗಲಿಸಿದ.

"ಪೊಲೀಸ್! ಸಿಕ್ಕಳು! ಬರ್ರಿ, ಸಿಕ್ಕಳು!"

ಇಬ್ಬರು ಪೊಲೀಸರು ಬಂದರು. ಅಲ್ಲಿಯ ಪೊಲೀಸರು ಮೊದಲು ಗುಡ್ ಆಫ್ಟರ್‌ನೂನ್ ಅನ್ನುತ್ತಾರೆ. ಅಷ್ಟು ಹೇಳಿ ಕೇಳಿದರು: "ಈಕೆ ಏನು ತಪ್ಪು ಮಾಡಿದ್ದಾರೆ, ಸರ್?"

ಗುರುಪಾದ ತಲೆ ಕೆರೆದುಕೊಂಡ. ಅದನ್ನು ಅವ್ವ ಹೇಳಿರಲಿಲ್ಲ. ಆದರೂ ಯೋಚನೆ ಮಾಡಿ ಹೇಳಿದ: "ಬಿಸಲು ಬೀಳತೈತಿ ಅಂದ್ಳು. ನಮ್ಮವ್ವ ಹಿತ್ತಲದಾಗ ಹಪ್ಪಳ ಹಾಕಿದ್ಳು. ಮಳಿ ಬಂತು. ಎಲ್ಲಾ ಹಿಟ್ಟ ಆತು!"

ದೊಡ್ಡ ಪೊಲೀಸ್ ಅದನ್ನು ಪುಸ್ತಕದಲ್ಲಿ ಬರೆದುಕೊಂಡ. ಆಮೇಲೆ ಆಕೆಯ ಕಡೆ ತಿರುಗಿ ಅಂದ: "ಆ ದಿನ ನಮ್ಮ ಮನೆಯ ಬಟ್ಟೆಯೂ ತೋಯ್ದಿತ್ತು, ಮೇಡಂ."

ಆದರೂ ಗುರುಪಾದನನ್ನೇ ತಮ್ಮ ಕಾರಿನಲ್ಲಿ ಕೂರಿಸಿ ಮನೆಗೆ ತಂದು ಬಿಟ್ಟರು. ಪರದೆಗಳ ಹಿಂದಿನಿಂದ ಇಡೀ ಬೀದಿ ನೋಡಿತು. ನೀಲವ್ವ ನಾಚಿಕೆಯಿಂದ ನೀರಾದಳು. ಈ ಸುದ್ದಿ ಕೌನ್ಸಿಲಿಗೆ ಮುಟ್ಟಿದರೆ ಸ್ಟಿಕ್ಕರಿನ ಗತಿ ಏನು? ಯಾರು ಮುಟ್ಟಿಸುತ್ತಾರೆ? ಎದುರುಮನೆಯವನೇ! ಅವನು ನಗದೆ ಇರೋದು ಅದಕ್ಕೇ!

"ನೋಡಲೇ," ಅಂದಳು. "ಒದರಬ್ಯಾಡ. ಫೋನ್ ಹಚ್ಚಬ್ಯಾಡ. ಯಾರ ಮೈ ಮುಟ್ಟಬ್ಯಾಡ. ಏನ ಆಗಲಿ, ಪರದೆ ಹಿಂದ ನಿಂತು ಸುಮ್ನ ನೋಡು. ನಾ ಬಂದ ಮ್ಯಾಲ ನನಗ ಹೇಳು."

"ಹೂಂ ಅವ್ವಾ!"

ಆ ಬೀದಿಯವರೆಲ್ಲ ಮಾಡುತ್ತಿದ್ದದ್ದೂ ಅಷ್ಟೇ. ಆದರೆ ಅವರನ್ನು ಯಾರೂ ಪೆದ್ದ ಅನ್ನುತ್ತಿರಲಿಲ್ಲ.

ಒಂದು ಬೆಳಿಗ್ಗೆ ನೀಲವ್ವ ಹಾಲು ತಂದು ಚಪ್ಪಲಿ ಬಿಡುತ್ತಿದ್ದಳು. ಗುರುಪಾದ ಪರದೆ ಹಿಂದಿನಿಂದ ಬಂದು ವರದಿ ಒಪ್ಪಿಸಿದ.

"ಅವ್ವಾ, ಡೋರೀನಜ್ಜಿ ಕಸದ ಡಬ್ಬಿ ಎಳದ್ಳು. ಕಾಲ ಜಾರಿತು. ಬಿದ್ಳು. ಆಮ್ಯಾಲ ಒಂದು ಬೆಕ್ಕ ಬಂತು. ಮೂಸಿ ನೋಡಿತು. ಬೆಕ್ಕ ಹೋತು."

"ಡೋರೀನ್?"

"ಆಕಿ ಹೋಗಿಲ್ಲ. ಅಲ್ಲೇ ಅದಾಳ."

ನೀಲವ್ವ ಬರಿಗಾಲಲ್ಲೇ ಓಡಿದಳು. ಡೋರೀನ್ ಕಲ್ಲಿನ ಮೇಲೆ ಬಿದ್ದಿದ್ದಳು, ಚಳಿಗೆ ತುಟಿ ನೀಲಿಯಾಗಿತ್ತು. ಪುಣ್ಯ, ಕಾಲು ಉಳುಕಿತ್ತೇ ಹೊರತು ಮುರಿದಿರಲಿಲ್ಲ. ಅವಳನ್ನು ಎಬ್ಬಿಸಿ, ಚಹಾ ಕುಡಿಸಿ ಮನೆಗೆ ಬಂದ ನೀಲವ್ವ ಈ ಸಲ ಕೂಗಲಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ತಳು. ತಾನು ಹೇಳಿಕೊಟ್ಟದ್ದನ್ನೇ ಮಗ ಮಾಡಿದ್ದ, ಅದು ಅವಳಿಗೆ ಚುಚ್ಚಿತು.

"ತಮ್ಮಾ, ಬಿದ್ದವರನ್ನ ಕಂಡ್ರ ಓಡಬೇಕೋ. ಕಂಬಳಿ ಹೊಚ್ಚಬೇಕು. ಅಲ್ಲಾಡಬ್ಯಾಡ್ರಿ ಅನಬೇಕು. ಆಂಬುಲೆನ್ಸಿಗೆ ಫೋನ್ ಹಚ್ಚಬೇಕು. ಅದು ಬರೋತನಕ ಅವರ ಮಗ್ಗಲ ಬಿಟ್ಟು ಏಳಬಾರದು. ತಿಳೀತಾ?"

"ತಿಳೀತವ್ವಾ. ಅಳಬ್ಯಾಡ."

ಆಮೇಲೆ ಆಫೀಸರಮ್ಮ ಬಂದಳು. ಬಿಳಿ ಕೋಟು, ಬಿಳಿ ಟೋಪಿ, ಕೈಯಲ್ಲಿ ಟಾರ್ಚ್. ನೀಲವ್ವ ಕಾರ್ಡ್ ನೋಡಿದಳು, ಮುಖ ನೋಡಿದಳು, ಕೌನ್ಸಿಲಿಗೆ ಫೋನ್ ಮಾಡಿ ಕೇಳಿದಳು. ಟೋಪಿಯೊಳಗೆ ಕ್ಯಾಮೆರಾ ಇಟ್ಟಿದ್ದಾಳೋ ಏನೋ ಅಂತ ಸುತ್ತ ತಿರುಗಿ ನೋಡಿದಳು. ಹೊಲಸು ಅಡಿಗೆಮನೆಗಳನ್ನು ತೋರಿಸುವ ಕಾರ್ಯಕ್ರಮ ಅವಳು ಒಂದೂ ಬಿಟ್ಟವಳಲ್ಲ! ಮಗನನ್ನು ನಡುಮನೆಯಲ್ಲಿ ಕೂರಿಸಿ, ಆತಂಕ ತಡೆಯಲಾರದೆ ಮೇಲೆ ಹೋಗಿ ಸಿದ್ಧಾರೂಢರ ಫೋಟೋದ ಮುಂದೆ ಕೈಮುಗಿದು ಕೂತಳು. "ಅಪ್ಪಾ, ನನಗೇನೂ ಬ್ಯಾಡ. ನನ್ನ ಮಗಗೊಂದು ದಾರಿ ತೋರಸು."

ಕೆಳಗೆ ಆಫೀಸರಮ್ಮ ಡಬ್ಬಿ ನೋಡಿದಳು, ಫ್ರಿಜ್ ನೋಡಿದಳು. ಕಡೆಗೆ ಒಲೆಯ ಅಡಿ ನೋಡೋಣ ಅಂತ ನೆಲದ ಮೇಲೆ ಹೊಟ್ಟೆ ಹಚ್ಚಿ ಮಲಗಿ ಟಾರ್ಚ್ ಬಿಟ್ಟಳು.

ಗುರುಪಾದ ಇಣುಕಿದ. ಅಯ್ಯೋ! ಬಿದ್ದಾಳ!

ಓಡಿದ. ಅವ್ವನ ದಪ್ಪ ಕಂಬಳಿ ತಂದು ತಲೆಯಿಂದ ಕಾಲಿನವರೆಗೆ ಹೊಚ್ಚಿದ. "ಅಲ್ಲಾಡಬ್ಯಾಡ್ರಿ!" ಆಕೆ ಕೂಗಿದಳು. "ಮಾತಾಡಬ್ಯಾಡ್ರಿ, ದಣೀತೀರಿ!" ಕಂಬಳಿಯ ಅಂಚಿನ ಮೇಲೆ ತಾನೇ ಕೂತು ಆಂಬುಲೆನ್ಸಿಗೆ ಫೋನ್ ಹಚ್ಚಿದ. ಆಕೆ ಒದ್ದಳು, ಇವನು ಸಮಾಧಾನ ಮಾಡಿದ. ಆಕೆ ಬೈದಳು, ಇವನು ತಲೆ ಸವರಿದ. ನೀಲವ್ವ ಪ್ರಾರ್ಥನೆ ಮುಗಿಸಿ ಇಳಿದು ಬರುವಷ್ಟರಲ್ಲಿ ಆಂಬುಲೆನ್ಸಿನವರು ಸ್ಟ್ರೆಚರ್ ಹಿಡಿದು ಒಳಗೆ ನಿಂತಿದ್ದರು!

"ಹೋತು," ಅಂದಳು ನೀಲವ್ವ. "ಎಲ್ಲಾ ಹೋತು." ಆಫೀಸರಮ್ಮ ಟೋಪಿ ನೆಟ್ಟಗೆ ಮಾಡಿಕೊಂಡು ಹೊರಟುಹೋದಳು.

ನೀಲವ್ವ ಅನ್ನ ಬಿಟ್ಟಳು. ಟೀವಿಯನ್ನೂ ಬಿಟ್ಟಳು, ನೋಡಿ, ಅಷ್ಟು ದುಃಖ! ಒಂದು ದಿನ ದಪ್ಪ ಲಕೋಟೆ ಬಂತು. ಇದೂ ಮೋಸಗಾರರದ್ದೇ ಇರಬೇಕು ಅಂತ ಅವಳು ಒಡೆಯಲೇ ಇಲ್ಲ. ಕುಂಟುತ್ತಾ ಬಂದ ಡೋರೀನ್ ಒಡೆದಳು, ಜೋರಾಗಿ ಓದಿದಳು. ಆಫೀಸರಮ್ಮ ಬರೆದಿದ್ದಳು: "ಇಷ್ಟು ವರ್ಷದ ಕೆಲಸದಲ್ಲಿ ಯಾವ ಅಡಿಗೆಮನೆಯ ನೆಲವನ್ನೂ ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ನೋಡುವ ಅವಕಾಶ ನನಗೆ ಸಿಕ್ಕಿರಲಿಲ್ಲ. ಒಂದು ಅಗುಳೂ ಇರಲಿಲ್ಲ. ಕಂಬಳಿಯೂ ಚೊಕ್ಕಟವಾಗಿತ್ತು." ಜೊತೆಗೆ ಹಸಿರು ಸ್ಟಿಕ್ಕರ್, ಎಲ್ಲಕ್ಕಿಂತ ಮೇಲಿನ ದರ್ಜೆಯದು!

ನೀಲವ್ವ ನಕ್ಕಳು, ಅತ್ತಳು, ಮಗನ ಹಣೆಗೆ ಮುತ್ತಿಟ್ಟಳು. ಆ ಕ್ಷಣವೇ ಹಿಟ್ಟು ಕಲಸಲು ಕೂತಳು. ಕೈ ತುಂಬ ಜೋಳದ ಹಿಟ್ಟು. ಅದಕ್ಕೇ ಮಗನಿಗೆ ಹೇಳಿದಳು:

"ತಮ್ಮಾ, ಹೋಗು, ಇದನ್ನ ಹಚ್ಚು. ಎಲ್ಲಾರೂ ನೋಡೋ ಜಾಗಾದಾಗ ಹಚ್ಚು. ಕಿತ್ತಿದ್ರೂ ಬರಬಾರದು, ಹಂಗ ಗಟ್ಟಿ ಹಚ್ಚು!"

ಗುರುಪಾದ ಸ್ಟಿಕ್ಕರ್ ಹಿಡಿದು ಮನೆಯೆಲ್ಲ ಸುತ್ತಿದ. ಎಲ್ಲರೂ ನೋಡುವ ಜಾಗ ಯಾವುದು? ಗೋಡೆ ಯಾರೂ ನೋಡುವುದಿಲ್ಲ. ಬಾಗಿಲು? ಅದನ್ನು ದಾಟುತ್ತಾರೆ, ನೋಡುವುದಿಲ್ಲ. ಅವ್ವ ನೋಡುವುದು ಒಂದೇ ಕಡೆ. ಡೋರೀನಜ್ಜಿ ಬಂದರೂ ಅಲ್ಲೇ. ಗುರುಪಾದ ಟೀವಿಯ ಗಾಜು ಒರೆಸಿ, ನಟ್ಟನಡುವೆ, ಗಟ್ಟಿಯಾಗಿ, ಹಚ್ಚಿದ!

ಮೊದಲ ಗಿರಾಕಿ ಬಂದ. ಬಾಗಿಲನ್ನು ಮೇಲಿಂದ ಕೆಳಗೆ ನೋಡಿದ. ಸ್ಟಿಕ್ಕರ್ ಇಲ್ಲ. ಅಂಟಿಸದವರು ಏನೋ ಮುಚ್ಚಿಡುತ್ತಾರೆ ಅಂತ ಅವನೂ ಟೀವಿಯಲ್ಲಿ ಕೇಳಿದವನೇ. ಮೂಗು ಮುರಿದು ಹೊರಟ. ಅವನ ಹಿಂದೆ ಬಂದವರೂ ತಿರುಗಿದರು.

ಕಿಟಕಿಯಿಂದ ನೋಡಿದ ನೀಲವ್ವ ಕೂಗಿದಳು: "ಗಿರಾಕಿ ತಿರುಗಿ ಹೊಂಟ್ರಲೇ! ಸ್ಟಿಕ್ಕರ್ ಎಲ್ಲೈತಿ? ತೋರಸಲೇ ಅವರಿಗೆ, ಓಡು!"

ಓಡಿದ! ಹಿಟ್ಟಿನ ಕೈಯಲ್ಲೇ ನೀಲವ್ವ ಹೊರಗೆ ಬಂದು ನೋಡುತ್ತಾಳೆ, ಗುರುಪಾದ ಟೀವಿಯನ್ನು ತಲೆ ಮೇಲೆ ಹೊತ್ತು ಬಾಗಿಲಲ್ಲಿ ನಿಂತಿದ್ದಾನೆ. ವೈರು ಹಿಂದೆ ನಡುಮನೆಯ ತನಕ ಎಳೆದಿದೆ. ಸುದ್ದಿ ಓದುವವಳ ಮುಖದ ಮೇಲೆ ಹಸಿರು ಸ್ಟಿಕ್ಕರ್ ಹೊಳೆಯುತ್ತಿದೆ. ಹೊರಟವರೆಲ್ಲ ತಿರುಗಿ ಬಂದಿದ್ದಾರೆ. ಪರದೆಗಳ ಹಿಂದಿನವರು ಬೀದಿಗೆ ಇಳಿದಿದ್ದಾರೆ. ಎದುರುಮನೆಯವನು ಕುರ್ಚಿಯನ್ನೇ ತಂದಿದ್ದಾನೆ.

"ಅವ್ವಾ," ಕೂಗಿದ ಗುರುಪಾದ, ಖುಷಿಯಿಂದ. "ಗಿರಾಕಿ ಬಂದು ನಿಂತಾರ! ಯಾವ ಚಾನೆಲ್ ಹಚ್ಚಲಿ?"