ನಿಂಬೆವ್ವನ ಬಯಕೆ

ಹೊಳೆಯ ದಂಡೆಯ ಆ ಆಶ್ರಮದಲ್ಲಿ ಇದ್ದವರು ಇಬ್ಬರೇ. ಗುರುಪಾದಜ್ಜ ಮತ್ತು ಅವರ ಶಿಷ್ಯ ಚನಮಲ್ಲ.

ಚನಮಲ್ಲನಿಗೆ ಕಾವಿ ಬೇಕಾಗಿತ್ತು. ಬಿಳಿ ಪಂಚೆ ಉಟ್ಟು ಉಟ್ಟು ಅವನಿಗೆ ಸಾಕಾಗಿ ಹೋಗಿತ್ತು.

"ಅಜ್ಜಾರ, ನಾ ಎಲ್ಲಾ ಬಯಕೀನೂ ಬಿಟ್ಟೀನ್ರಿ. ಇನ್ನರ ದೀಕ್ಷಾ ಕೊಡ್ರಿ" ಎಂದು ದಿನಾ ಬೆನ್ನು ಹತ್ತುತ್ತಿದ್ದ.

ಒಂದು ಬೆಳಿಗ್ಗೆ ಅಜ್ಜ ಒಪ್ಪಿಯೇ ಬಿಟ್ಟರು.

"ನಾ ಹೊಳಿಗೆ ಜಳಕಕ್ಕ ಹೊಂಟೀನಿ. ಬಾಗಿಲಿಗೆ ಯಾರರ ಬಂದ್ರ ನನ್ನ ಬದಲಿ ನೀನ ಮಾತಾಡು. ಬಂದವರು ಸಮಾಧಾನ ಆಗಿ ಹೋದ್ರ ನಾಳೆ ನಿನಗ ಕಾವಿ."

ಚನಮಲ್ಲ ಗುರುವಿನ ಕಟ್ಟೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ. ಮುಖಕ್ಕೆ ಒಂದಿಷ್ಟು ಗಾಂಭೀರ್ಯವನ್ನೂ ತಂದುಕೊಂಡ.

ಬಂದವಳು ಊರಿನ ಹೊಸ ಸೊಸೆ ನಿಂಬೆವ್ವ. ಬಸುರಿ. ಆದರೆ ಹೊಟ್ಟೆ ಇನ್ನೂ ಕಾಣುವಂತಿರಲಿಲ್ಲ. ಗಂಡ ಯಮನೂರಪ್ಪ ನಾಚಿಕೊಂಡು ಬೇಲಿಯ ಆಚೆಯೇ ನಿಂತ.

"ಅಜ್ಜಾರಿಲ್ಲೇನ್ರಿ?"

"ಇಲ್ಲ. ನನ್ನ ಮುಂದ ಹೇಳು, ತಾಯಿ."

ನಿಂಬೆವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನನಗ ಬಯಕಿ ಆಗೇತ್ರಿ."

ನಮ್ಮ ಕಡೆ ಹೊಸ ಸೊಸೆ ಹೀಗೆಂದರೆ ದನ ಕಾಯುವವನಿಗೂ ಅರ್ಥವಾಗುತ್ತದೆ. ಚನಮಲ್ಲನಿಗೆ ಆಗಲಿಲ್ಲ. ಪಾಪ, ಅವನು ಓದಿದ ಗ್ರಂಥಗಳಲ್ಲಿ ಬಯಕೆಗೆ ಇದ್ದದ್ದು ಒಂದೇ ಅರ್ಥ.

"ಬಯಕೀನ ಎಲ್ಲಾ ದುಃಖದ ಬೇರು" ಎಂದ. "ಅನ್ನದ ಮ್ಯಾಲೆ ಆಸೆ ಹೆಂಗೈತಿ?"

"ಅನ್ನ ಕಂಡ್ರ ವಾಕರಿಕಿ ಬರ್ತೈತ್ರಿ."

ಚನಮಲ್ಲ ಬೆಚ್ಚಿದ. ಬಿಸಿ ರೊಟ್ಟಿ ಕಂಡರೆ ಅವನಿಗಿನ್ನೂ ಬಾಯಲ್ಲಿ ನೀರೂರುತ್ತಿತ್ತು.

"ಗಂಡನ ಮ್ಯಾಲೆ?"

"ಅವರ ಮೈ ವಾಸನೀನ ಆಗಂಗಿಲ್ರಿ. ದೂರ ಮಲಗ್ರಿ ಅಂತ ಹೇಳೀನ್ರಿ."

"ಶಿವ ಶಿವಾ! ಮತ್ತ?"

"ನಾ ಒಬ್ಬಾಕೀನ ಅಲ್ಲ ಅನಸ್ತೈತ್ರಿ. ನನ್ನೊಳಗ ಇನ್ನೊಂದು ಜೀವ ಕುಂತು ನನ್ನ ಆಡಸಾಕ ಹತ್ತೇತಿ ಅನಸ್ತೈತ್ರಿ."

ಚನಮಲ್ಲ ಕೂತಲ್ಲೇ ಕೈ ಮುಗಿದ. ವರ್ಷಗಟ್ಟಲೆ ಮೂಗು ಹಿಡಿದು ಕೂತ ತನಗೆ ಕಾಣದ್ದು, ಒಲೆ ಊದುತ್ತ ಕೂತವಳಿಗೆ ಕಂಡುಬಿಟ್ಟಿತಲ್ಲ! ಹೊಟ್ಟೆಕಿಚ್ಚಿಗೆ ಅವನ ಕಣ್ಣು ತುಂಬಿ ಬಂತು. ಆದರೂ ಮನುಷ್ಯ ಪ್ರಾಮಾಣಿಕ. ಕಟ್ಟೆಯಿಂದಿಳಿದು ಅವಳ ಕಾಲಿಗೆ ಉದ್ದಕ್ಕೆ ಬಿದ್ದ.

"ಅಯ್ಯ, ಏಳ್ರಿ!" ಎಂದು ನಿಂಬೆವ್ವ ಹಿಂದಕ್ಕೆ ಸರಿದಳು.

ಅವನು ಎದ್ದವನೇ ಬೇಲಿಯ ಹತ್ತಿರ ಓಡಿದ.

"ಯಮನೂರಪ್ಪಾ, ಎದಿ ಗಟ್ಟಿ ಮಾಡ್ಕೋ. ನಿನ್ನ ಹೇಣ್ತಿ ಈ ಲೋಕದ ಹಂಗು ಹರಕೊಂಡ್ಳು. ಇನ್ನ ಮನಿಗೆ ಬರಂಗಿಲ್ಲ."

"ಈಗರ ನಡಕೊಂತ ಒಳಗ ಹ್ವಾದ್ಳಲ್ರಿ!" ಎಂದು ಯಮನೂರಪ್ಪ ನೆಲಕ್ಕೆ ಕುಸಿದು ಬಾಯಿ ಬಾಯಿ ಬಡಕೊಂಡ.

ಆ ಗೋಳಾಟ ಹೊಳೆಯವರೆಗೂ ಕೇಳಿಸಿತು. ಗುರುಪಾದಜ್ಜ ಒದ್ದೆ ಧೋತರದಲ್ಲೇ ಓಡಿ ಬಂದರು. ಶಿಷ್ಯ ಹೇಳಿದ್ದನ್ನೆಲ್ಲ ಕೇಳಿ ನಿಂಬೆವ್ವನ ಕಡೆ ತಿರುಗಿದರು.

"ಏನ ತಿನ್ನಬೇಕು ಅನಸೇತಿ, ಮಗಳ?"

"ನಿಮ್ಮ ಹಿತ್ತಲದಾಗಿನ ಹುಣಸಿ ಚಿಗುರ್ರಿ, ಅಜ್ಜಾರ."

ಅಜ್ಜ ಧೋತರ ಎತ್ತಿ ಕಟ್ಟಿ ಹಿತ್ತಲಿಗೆ ಹೋಗಿ, ಕೊಂಬೆ ಜಗ್ಗಿ, ಅವಳ ಉಡಿ ತುಂಬುವಷ್ಟು ಚಿಗುರು ತಂದು ಹಾಕಿದರು. ಅವಳಿಗೆ ತಡೆಯಲಾಗಲಿಲ್ಲ, ಅಲ್ಲೇ ನಿಂತು ಜಗಿದಳು. ಹುಳಿಗೆ ಕಣ್ಣು ಮುಚ್ಚಿದವಳ ಮುಖದಲ್ಲಿ ಎಂಥ ಸುಖವಿತ್ತೆಂದರೆ, ಚನಮಲ್ಲನಿಗೂ ಹಲ್ಲು ಚುಳ್ಳೆಂದವು. ಯಮನೂರಪ್ಪ ಕಣ್ಣೊರೆಸಿಕೊಂಡು, ಅವಳಿಂದ ನಾಲ್ಕು ಮಾರು ದೂರ ಉಳಿದೇ ಮನೆಗೆ ಕರೆದುಕೊಂಡು ಹೋದ.

ಚನಮಲ್ಲನ ಮುಖ ಬಾಡಿತ್ತು. ಆದರೂ ಒಂದು ಮಾತು ಕೇಳದೆ ಇರಲಾಗಲಿಲ್ಲ.

"ಅಜ್ಜಾರ, ಆಕಿ ಹೊಟ್ಟ್ಯಾಗಿನ ಕೂಸಿಗೆ ಇನ್ನೂ ನೆಟ್ಟಗ ಬಾಯಿ ಸೈತ ಮೂಡಿರಂಗಿಲ್ಲ. ಅದಕ್ಕೆಂಥಾ ಬಯಕೀರಿ?"

"ಬಾಯಿ ಆಮ್ಯಾಲಿನ ಮಾತು. ಮೊದಲ ಅದು ಕಣ್ಣಿಗೆ ಕಾಣದಷ್ಟು ಸಣ್ಣದು. ಒಂದು ಒಡದು ಎರಡಾಗ್ತೈತಿ, ಎರಡು ನಾಕಾಗ್ತೈತಿ. ಕೈಯಿಲ್ಲ, ಕಾಲಿಲ್ಲ. ಆದ್ರೂ ಗರ್ಭದ ಗ್ವಾಡಿ ಹುಡಿಕ್ಯಾಡಿ ಗಟ್ಟಿ ಹಿಡಕೊಂತೈತಿ. ಇನ್ನೂ ಎಳ್ಳಿನ ಕಾಳಿನಷ್ಟು ಇದ್ದಾಗನ ಎದಿ ಬಡಕೊಳ್ಳಾಕ ಹತ್ತತೈತಿ."

"ಯಾರ ಕಲಿಸಿದ್ರಿ ಅದಕ್ಕ?"

"ನಿನಗ ಯಾರ ಕಲಿಸಿದ್ರು? ನೀನೂ ನಿಮ್ಮವ್ವನ ಹೊಟ್ಟ್ಯಾಗ ಹಂಗ ಜೋತುಬಿದ್ದಾಂವ."

ಚನಮಲ್ಲ ತನ್ನ ಎದೆ ಮುಟ್ಟಿ ನೋಡಿಕೊಂಡ. ಅದು ತನ್ನಷ್ಟಕ್ಕೆ ತಾನು ಬಡಿದುಕೊಳ್ಳುತ್ತಿತ್ತು. ಅವನಿಗೆ ಗಾಬರಿಯಾಯಿತು. ನಾಳೆಯ ಕಾವಿ ಕೈ ತಪ್ಪಿ ಹೋಗುತ್ತಿತ್ತು.

"ಅಜ್ಜಾರ, ತಪ್ಪಾತ್ರಿ. ಆದ್ರ ಕಾವಿ ಒಂದು ಇಲ್ಲ ಅನಬ್ಯಾಡ್ರಿ. ನಾ ಬಯಕಿ ಇಲ್ಲದಾಂವ ಆಗಬೇಕ್ರಿ. ಆಗಲೇಬೇಕ್ರಿ. ಕುಂತ್ರೂ ಅದ ಬೇಕು, ನಿಂತ್ರೂ ಅದ ಬೇಕು. ಊಟ ಸೇರವಲ್ದು. ತಡಕೊಳ್ಳಾಕ ಆಗವಲ್ದು!"

ಅಜ್ಜ ಅವನನ್ನು ಅಡಿಯಿಂದ ಮುಡಿಯವರೆಗೂ ನೋಡಿದರು. ಆಮೇಲೆ ತುಂಬ ಜೋಪಾನವಾಗಿ ಅವನ ತೋಳು ಹಿಡಿದು ಕಟ್ಟೆಯ ಮೇಲೆ ಕೂಡಿಸಿದರು.

"ನಿನಗೀಗ ಎಷ್ಟು ತಿಂಗಳೋ, ತಮ್ಮಾ?"